ಕೊಟ್ಟದ್ದು ಯಾರ ಹೆಸರಿಗೆ? ಗ್ರಾಮಸಭೆಯಲ್ಲಿ ನಾವು ಕೇಳಬೇಕಾದ ಮಾತು

(ನಂದಿಗುಡಿಯ ಒಬ್ಬ ಹಾಲು ಉತ್ಪಾದಕಿ ಸದಸ್ಯೆ)



ಹೋದ ತಿಂಗಳು ಒಂದು ಸಂಜೆ ಡೇರಿಗೆ ಹಾಲು ಹಾಕಿ ಬಂದು ಕ್ಯಾನ್ ತೊಳೆಯುತ್ತಿದ್ದೆ. ತವರೂರಿನಿಂದ ತಮ್ಮನ ಹೆಂಡತಿ ಫೋನ್ ಮಾಡಿದಳು. ಅವಳೂ ನಮ್ಮ ಹಾಗೆ ಹೈನು ನಂಬಿದವಳೇ. ಎರಡು ಆಕಳು, ಒಂದು ಎಮ್ಮೆ, ಒಂದು ಕರು. ಮಾತಿಗೆ ಮೊದಲು ಹಸುವಿನ ಕೆಚ್ಚಲು ಬಾವಿನ ಸುದ್ದಿ ಆಯಿತು, ಹಿಂಡಿ ರೇಟಿನ ಸುದ್ದಿ ಆಯಿತು. ಆಮೇಲೆ ನಿಜವಾದ ವಿಷಯಕ್ಕೆ ಬಂದಳು.

"ಅಕ್ಕಾ, ನಮ್ಮೂರಿಗೆ ಒಂದು ಕಂಪನಿಯೋರು ಬಂದಿದ್ರು. ಶಾಲೆಗೆ ಎರಡು ಕೋಣೆ ಕಟ್ಟಿಸಿ ಕೊಡ್ತಾರಂತೆ. ಕೆಟ್ಟು ನಿಂತಿರೋ ನೀರಿನ ಘಟಕ ರಿಪೇರಿ ಮಾಡಿಸ್ತಾರಂತೆ. ಬೀದಿಗೆಲ್ಲ ಸೋಲಾರ್ ದೀಪ ಅಂತೆ. ಗೋಮಾಳದ ಕಡೆ ಒಂದಿಷ್ಟು ಜಾಗ ಮಾತ್ರ ಬಿಟ್ಟು ಕೊಡ್ಬೇಕಂತೆ. ಮುಂದಿನ ತಿಂಗಳು ಗ್ರಾಮಸಭೆ ಐತಿ. ನಾವು ಹೆಂಗಸ್ರು ಏನ್ ಹೇಳಾಣ?"

ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ ತಡಿ" ಅಂದೆ. ಬೇಡ ಅನ್ನು ಎಂದು ಹೇಳಲು ಬಾಯಿ ಬರಲಿಲ್ಲ. ಆ ಶಾಲೆಯಲ್ಲಿ ಓದಿದವಳು ನಾನು, ಅದರ ಗೋಡೆ ಹೇಗಿದೆ ಅಂತ ಗೊತ್ತು. ಹೂಂ ಅನ್ನು ಎಂದು ಹೇಳಲೂ ಮನಸ್ಸು ಒಪ್ಪಲಿಲ್ಲ. ಹದಿನೈದು ದಿನ ಅವರಿವರನ್ನು ಕೇಳಿ, ತಿಳಿದವರಿಂದ ಓದಿಸಿ, ಕಡೆಗೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ. ಇಂಥ ಮಾತು ಇವತ್ತು ಅವರೂರಿಗೆ ಬಂದಿದೆ, ನಾಳೆ ನಮ್ಮೂರಿಗೂ ನಿಮ್ಮೂರಿಗೂ ಬರುತ್ತದೆ.

ಬೀಗ ಬಿದ್ದ ನೀರಿನ ಘಟಕ

ಮೊದಲು ಆ ಕೆಟ್ಟು ನಿಂತ ಘಟಕದ ಕಥೆ ಹೇಳುತ್ತೇನೆ. ಊರಿನ ಹೆಸರೂ ಬೇಡ, ಕಂಪನಿಯ ಹೆಸರೂ ಬೇಡ.

ಆರು ವರ್ಷದ ಹಿಂದೆ ಇನ್ನೊಂದು ಕಂಪನಿ ಅಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಹಾಕಿಸಿತು. ಟೇಪು ಕತ್ತರಿಸಿದರು, ಫೋಟೋ ತೆಗೆದರು, ಹೆಂಗಸರಿಗೆಲ್ಲ ಒಂದೊಂದು ನೀರಿನ ಕ್ಯಾನ್ ಕೊಟ್ಟರು. ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್ ನೀರು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ನೀರಿನ ರುಚಿ ಬದಲಾಯಿತು, ಒಂದು ದಿನ ಮೋಟಾರ್ ನಿಂತಿತು. ಕಂಪನಿಗೆ ಫೋನ್ ಮಾಡಿದರೆ "ನಮ್ಮ ಅವಧಿ ಮುಗಿಯಿತು, ಊರಿಗೆ ಬಿಟ್ಟುಕೊಟ್ಟಿದ್ದೇವೆ" ಅಂದರು. ಪಂಚಾಯಿತಿಗೆ ಹೋದರೆ "ನಮಗೆ ಹಸ್ತಾಂತರ ಆಗಿಲ್ಲ, ನಮ್ಮ ದಾಖಲೆಯಲ್ಲಿ ಇಲ್ಲ, ಖರ್ಚು ಹಾಕಲು ಬರುವುದಿಲ್ಲ" ಅಂದರು. ಕರೆಂಟ್ ಬಿಲ್ ಯಾರೂ ಕಟ್ಟಲಿಲ್ಲ. ಬೀಗ ಬಿತ್ತು. ಈಗ ಅದರ ನೆರಳಿನಲ್ಲಿ ಆಡು ಮಲಗುತ್ತವೆ, ಹೆಂಗಸರು ಪಕ್ಕದೂರಿನಿಂದ ನೀರು ತರುತ್ತಾರೆ.

ಇಲ್ಲಿ ಕಳ್ಳತನ ಮಾಡಿದವರು ಯಾರೂ ಇಲ್ಲ. ಕಂಪನಿ ದುಡ್ಡು ಹಾಕಿದ್ದು ನಿಜ. ಪಂಚಾಯಿತಿಯವರು ಹೇಳಿದ ನಿಯಮವೂ ನಿಜ. ಒಂದೇ ಒಂದು ಕಾಗದ ಇರಲಿಲ್ಲ. ಘಟಕ ಯಾರ ಹೆಸರಿಗೆ, ಕೆಟ್ಟರೆ ಯಾರು ಸರಿ ಮಾಡಿಸಬೇಕು, ವಸೂಲಾದ ಐದೈದು ರೂಪಾಯಿ ಯಾರ ಖಾತೆಗೆ ಹೋಗಬೇಕು ಎಂದು ಬರೆದಿಟ್ಟ ಕಾಗದ. ಟೇಪು ಕತ್ತರಿಸುವ ದಿನ ಅಷ್ಟು ಜನ ಸೇರಿದ್ದರು. ಅದನ್ನು ಕೇಳಿದವರು ಒಬ್ಬರೂ ಇಲ್ಲ.

ನಾವು ಒಂದು ಆಕಳು ಕೊಂಡರೂ ಕಿವಿಯೋಲೆ ಯಾರ ಹೆಸರಿಗಿದೆ, ವಿಮೆ ಯಾರ ಹೆಸರಿಗಿದೆ ಅಂತ ನೋಡುತ್ತೇವೆ. ಊರಿಗೆ ಲಕ್ಷಗಟ್ಟಲೆ ಬೆಲೆಯ ವಸ್ತು ಬಂದರೆ ಚಪ್ಪಾಳೆ ತಟ್ಟಿ ಮನೆಗೆ ಬರುತ್ತೇವೆ.

ಖಾಸಗಿ ದುಡ್ಡು ನಮ್ಮ ಸೀಮೆಗೆ ಹೊಸದಲ್ಲ

ಹಾಗಂತ ಉಳ್ಳವರ ದುಡ್ಡು ಊರಿನ ಕೆಲಸಕ್ಕೆ ಬರಲೇಬಾರದು ಎನ್ನುವವಳು ನಾನಲ್ಲ. ಮನೆಯಲ್ಲಿ ಯಾರಿಗಾದರೂ ಜೋರಾಗಿ ಕಾಯಿಲೆಯಾದರೆ ನಾವು ಹೊತ್ತೊಯ್ಯುವುದು ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ. ಅದು ಜಿಲ್ಲಾ ಆಸ್ಪತ್ರೆ. ಹೆಸರು ದಾನ ಕೊಟ್ಟ ಮನೆತನದ್ದು, ಆಸ್ಪತ್ರೆ ಸರ್ಕಾರದ್ದು. ವೈದ್ಯರ ಸಂಬಳ ಸರ್ಕಾರದ್ದು, ಔಷಧಿ ಇಲ್ಲ ಅಂದರೆ ಕೇಳಬೇಕಾದ್ದೂ ಸರ್ಕಾರವನ್ನೇ. ದಾನಿಗಳ ಹೆಸರು ಬೋರ್ಡಿನ ಮೇಲೆ ಉಳಿಯಿತು, ಬೀಗದ ಕೈ ಜನರ ಕಡೆ ಉಳಿಯಿತು. ದಾನ ಅಂದರೆ ಹೀಗಿರಬೇಕು.

ಇನ್ನೊಂದು ಕಥೆ ಹರಿಹರದ್ದು. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಲೇತ್ ಯಂತ್ರ ಮಾಡುವ ಕಾರ್ಖಾನೆ. ಅದರ ಜೊತೆಗೆ ಕಾಲೋನಿ ಬಂತು, ಶಾಲೆ ಬಂತು, ಸಂಬಳದ ದಿನಕ್ಕೆ ಕಾದು ಕೂರುವ ಪೇಟೆ ಬಂತು. ನಮ್ಮ ಹಿರಿಯರು ಸಾಲಗಾರರಿಗೆ "ಕಿರ್ಲೋಸ್ಕರ್ ಸಂಬಳ ಆಗ್ಲಿ, ಕೊಡ್ತೀನಿ" ಎನ್ನುತ್ತಿದ್ದುದನ್ನು ನಾನೇ ಕೇಳಿದ್ದೇನೆ. ಈ ಶತಮಾನ ಶುರುವಾಗುವ ಹೊತ್ತಿಗೆ ಆ ಕಾರ್ಖಾನೆ ಬಾಗಿಲು ಹಾಕಿತು. ಅದರ ಜೊತೆಗೆ ಅದನ್ನು ನಂಬಿದ ಅಂಗಡಿಗಳೂ ಮನೆಗಳೂ ಸೊರಗಿದವು. ದಾವಣಗೆರೆಯ ಬಟ್ಟೆ ಗಿರಣಿಗಳ ಕಥೆಯೂ ಹೆಚ್ಚು ಕಡಿಮೆ ಇದೇ. ಕಂಪನಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಲಾಭ ಇರುವವರೆಗೆ ಅದು ಇರುತ್ತದೆ, ಲಾಭ ನಿಂತರೆ ಹೋಗುತ್ತದೆ. ಅದರ ಸ್ವಭಾವವೇ ಅದು. ಊರು ಎಲ್ಲಿಗೂ ಹೋಗುವುದಿಲ್ಲ. ಆದ್ದರಿಂದ ಊರಿಗೆ ಬೇಕಾದ ನೀರು, ಶಾಲೆ, ದಾರಿ, ಹುಲ್ಲುಗಾವಲಿನ ಭಾರವನ್ನು ನಾಳೆ ಹೊರಟುಹೋಗಬಹುದಾದವರ ತಲೆಗೆ ಪೂರ್ತಿ ಕಟ್ಟಬಾರದು.

ಹೊಳೆಯಾಚೆ ನಡೆದದ್ದು

ಗೋಮಾಳದ ಮಾತು ಬಂದದ್ದಕ್ಕೆ ಹೊಳೆಯಾಚೆಯ ಕಥೆಯನ್ನು ನಮ್ಮ ಸೊಸೆಯಂದಿರಿಗೆ ಹೇಳಲೇಬೇಕು. ಹಳಬರಿಗೆ ನೆನಪಿರುತ್ತದೆ.

ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇದೆ. ಈಚೆ ದಡದ ಎಷ್ಟೋ ಮನೆಗಳಿಗೆ ಅದು ಕೆಲಸ ಕೊಟ್ಟಿದೆ, ಅದನ್ನು ಅಲ್ಲಗಳೆಯಲಾಗದು. ಆ ಕಾರ್ಖಾನೆಗೆ ಮರದ ತಿರುಳು ಬೇಕು, ತಿರುಳಿಗೆ ನೀಲಗಿರಿ ಬೇಕು. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಆ ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಮಾಡಿದರು. ಸರ್ಕಾರದ ಪಾಲು ಶೇ. 51, ಕಂಪನಿಯ ಪಾಲು ಶೇ. 49. ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್, ಅಂದರೆ 75,000 ಎಕರೆಯಷ್ಟು ಸರ್ಕಾರಿ ಭೂಮಿಯನ್ನು ನೀಲಗಿರಿ ಬೆಳೆಸಲು ಆ ಸಂಸ್ಥೆಗೆ ಕೊಡುವ ತೀರ್ಮಾನವಾಯಿತು.

ಕಾಗದದಲ್ಲಿ ಅದನ್ನು ಪಾಳು ಭೂಮಿ ಎಂದು ಬರೆದಿದ್ದರು. ಊರಿನವರಿಗೆ ಅದು ಪಾಳಾಗಿರಲಿಲ್ಲ. ದನ ಮೇಯುತ್ತಿದ್ದದ್ದು, ಕುರಿ ಬಿಡುತ್ತಿದ್ದದ್ದು, ಸೌದೆ ಸಿಗುತ್ತಿದ್ದದ್ದು ಅಲ್ಲೇ. ಸೌದೆ ತರುವವರು ಯಾರು, ಹುಲ್ಲು ಹೊರುವವರು ಯಾರು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನೀಲಗಿರಿ ಎಲೆಗೆ ದನ ಬಾಯಿ ಹಾಕುವುದಿಲ್ಲ.

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ, ಎಸ್. ಆರ್. ಹಿರೇಮಠ ಮತ್ತು ಅವರ ಜೊತೆಗಾರರು, ಹಳ್ಳಿಹಳ್ಳಿ ತಿರುಗಿ ಜನರನ್ನು ಸೇರಿಸಿದರು. ಸಾಹಿತಿ ಶಿವರಾಮ ಕಾರಂತರೂ ಅವರ ಜೊತೆ ನಿಂತು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ಒಂದು ಸತ್ಯಾಗ್ರಹ ಮಾಡಿದರು. ಅದರ ಹೆಸರು 'ಕಿತ್ತಿಕೊ-ಹಚ್ಚಿಕೊ'. ನೂರು ನೀಲಗಿರಿ ಸಸಿ ಕಿತ್ತರು, ಅದೇ ಜಾಗದಲ್ಲಿ ಹಣ್ಣಿಗೆ, ಮೇವಿಗೆ ಆಗುವ ಸಸಿ ನೆಟ್ಟರು. ಕಿತ್ತು ಸುಮ್ಮನೆ ಬರಲಿಲ್ಲ, ನಮಗೆ ಬೇಕಾದ್ದು ಇದು ಅಂತ ನೆಟ್ಟು ತೋರಿಸಿದರು. ಹೋರಾಟ ವರ್ಷಗಟ್ಟಲೆ ನಡೆದು, 1991ರಲ್ಲಿ ಸರ್ಕಾರ ಆ ಜಂಟಿ ಸಂಸ್ಥೆಯನ್ನೇ ಮುಚ್ಚುವ ತೀರ್ಮಾನ ಮಾಡಿತು.

ಈ ಕಥೆಯಲ್ಲಿ ನನಗೆ ಕಾಣುವುದು ಇಷ್ಟು. ಆ ಸಂಸ್ಥೆಯಲ್ಲಿ ಸರ್ಕಾರದ ಪಾಲೇ ದೊಡ್ಡದಿತ್ತು. ಆದರೂ ಊರವರನ್ನು ಕೇಳಲಿಲ್ಲ. ಹಾಗಾಗಿ ಸರ್ಕಾರ ಜೊತೆಗಿದೆ, ಸಾಹೇಬರು ಸಹಿ ಹಾಕಿದ್ದಾರೆ ಅನ್ನುವುದು ಸಾಕಾಗದು. ದನ ಮೇಯಿಸುವವರನ್ನು ಕೇಳಿದ್ದಾರೋ ಇಲ್ಲವೋ ನೋಡಬೇಕು.

ಎರಡು ಪರ್ಸೆಂಟ್ ಲೆಕ್ಕ

ಈಗಿನ ಕಂಪನಿಗಳು ಊರಿಗೆ ಬರುವುದಕ್ಕೆ ಒಂದು ಕಾನೂನಿನ ಕಾರಣವೂ ಇದೆ. ಇದನ್ನು ತಿಳಿದುಕೊಂಡರೆ ಅರ್ಧ ಸಂಕೋಚ ಹೋಗುತ್ತದೆ.

2013ರ ಕಂಪನಿಗಳ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 500 ಕೋಟಿ ರೂಪಾಯಿ ನಿವ್ವಳ ಆಸ್ತಿ, ಅಥವಾ 1,000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್ ದುಡ್ಡು ಅನ್ನುತ್ತಾರಲ್ಲ, ಅದು ಇದೇ. ಒಂದು ಕಂಪನಿಗೆ ಮೂರು ವರ್ಷದಲ್ಲಿ 8, 10, 12 ಕೋಟಿ ಲಾಭ ಬಂತು ಅಂದುಕೊಳ್ಳಿ. ಸರಾಸರಿ 10 ಕೋಟಿ. ಅದರಲ್ಲಿ 20 ಲಕ್ಷ ಈ ಲೆಕ್ಕಕ್ಕೆ ಬರುತ್ತದೆ. ಕಂಪನಿ ಇರುವ ಸುತ್ತಮುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದೂ ಕಾಯ್ದೆ ಹೇಳುತ್ತದೆ. ಖರ್ಚು ಮಾಡದೆ ಉಳಿಸಿಕೊಂಡರೆ, ಆ ಹಣವನ್ನು ಸರ್ಕಾರ ಹೇಳಿದ ನಿಧಿಗೆ ಕಟ್ಟಬೇಕು, ಇಲ್ಲವೇ ನಡೆಯುತ್ತಿರುವ ಕೆಲಸಕ್ಕೆಂದು ಬೇರೆ ಖಾತೆಯಲ್ಲಿ ಇಡಬೇಕು.

ಅಂದರೆ ಶಾಲೆಗೆ ಕೋಣೆ ಕಟ್ಟಿಸಲು ಬಂದವರು ಭಿಕ್ಷೆ ಹಾಕಲು ಬಂದವರಲ್ಲ. ಕಾನೂನಿನ ಪ್ರಕಾರ ಎಲ್ಲಾದರೂ ಖರ್ಚು ಮಾಡಲೇಬೇಕಾದ ಹಣ ಅದು. ನಮ್ಮೂರಿಗೇ ಕೊಡಿ ಅಂತ ಹಟ ಹಿಡಿಯುವ ಹಕ್ಕು ನಮಗಿಲ್ಲ, ಅದೂ ನಿಜ. ಬಂದಾಗ ಕೈಮುಗಿದು ನಿಲ್ಲುವ ಅಗತ್ಯವೂ ಇಲ್ಲ. ಎದುರು ಬದುರು ಕುರ್ಚಿ ಹಾಕಿಕೊಂಡು ಮಾತಾಡಬಹುದು.

ಇದರ ನಿಯಮಗಳಲ್ಲಿ ಎರಡು ಮಾತು ನಮಗೆ ಬಹಳ ಮುಖ್ಯ.

ಒಂದು, ಕಂಪನಿ ತನ್ನ ವ್ಯಾಪಾರಕ್ಕಾಗಿ ಮಾಡುವ ಕೆಲಸ ಸಿಎಸ್‌ಆರ್ ಆಗುವುದಿಲ್ಲ. ಹಾಗಾದರೆ ಶಾಲೆ ಕೋಣೆಗೆ ಬದಲಾಗಿ ಗೋಮಾಳದಲ್ಲಿ ಜಾಗ ಕೊಡಿ ಅಂದರೆ ಏನರ್ಥ? ಅದು ದಾನವಲ್ಲ, ವ್ಯಾಪಾರ. ವ್ಯಾಪಾರ ತಪ್ಪಲ್ಲ. ಆದರೆ ವ್ಯಾಪಾರವನ್ನು ವ್ಯಾಪಾರ ಅಂತ ಕರೆದು, ನಮ್ಮ ವಸ್ತುವಿನ ಬೆಲೆ ಎಷ್ಟು ಅಂತ ನೋಡಿ ಮಾಡಬೇಕು. ಕಟ್ಟಿಗೆ ಹೊರೆಯಷ್ಟು ಜಾಗ ಕೊಟ್ಟು ಬೆಂಕಿಪೊಟ್ಟಣ ತೆಗೆದುಕೊಂಡ ಹಾಗೆ ಆಗಬಾರದು.

ಎರಡು, 2021ರಲ್ಲಿ ತಿದ್ದಿದ ನಿಯಮದ ಪ್ರಕಾರ ಈ ಹಣದಿಂದ ಕಟ್ಟಿದ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದು ನೋಂದಾಯಿತ ಸೇವಾ ಸಂಸ್ಥೆಯ ಹೆಸರಿನಲ್ಲಿರಬೇಕು, ಇಲ್ಲವೇ ಫಲಾನುಭವಿಗಳ ಸ್ವಸಹಾಯ ಗುಂಪು ಅಥವಾ ಒಕ್ಕೂಟದ ಹೆಸರಿನಲ್ಲಿರಬೇಕು, ಇಲ್ಲವೇ ಸಾರ್ವಜನಿಕ ಪ್ರಾಧಿಕಾರದ ಹೆಸರಿನಲ್ಲಿರಬೇಕು. ಹಾಗಾಗಿ ನೀರಿನ ಘಟಕ ಪಂಚಾಯಿತಿಯ ಹೆಸರಿಗೆ ಬರಬಹುದು, ಬೇಕಾದರೆ ಹೆಂಗಸರ ಸ್ವಸಹಾಯ ಸಂಘದ ಹೆಸರಿಗೂ ಬರಬಹುದು. ಕೇಳಿ ಬರೆಸಿಕೊಂಡರೆ ಮಾತ್ರ. ನನ್ನ ತವರೂರಿನಲ್ಲಿ ಯಾರೂ ಕೇಳಲಿಲ್ಲ.

ಗೋಮಾಳ ಯಾರದ್ದು?

ಗೋಮಾಳ ನಮ್ಮ ದನ ಮೇಯುವ ಜಾಗ. ಆದರೆ ಅದು ಕಾಗದದಲ್ಲಿ ಪಂಚಾಯಿತಿಯ ಸ್ವಂತ ಆಸ್ತಿಯಲ್ಲ. ಅದು ಕಂದಾಯ ಇಲಾಖೆಯ ಭೂಮಿ, ಊರಿನ ದನಗಳಿಗಾಗಿ ತೆಗೆದಿಟ್ಟದ್ದು. ಹೆಚ್ಚು ಕಡಿಮೆ ಮಾಡುವ ಅಧಿಕಾರ ಇರುವುದು ಜಿಲ್ಲಾಧಿಕಾರಿಗಳಿಗೆ. ಹಾಗಾಗಿ ಅಧ್ಯಕ್ಷರೋ ಸದಸ್ಯರೋ ಬಾಯಿಮಾತಿನಲ್ಲಿ "ಆಯ್ತು ತಗೊಳ್ಳಿ" ಅಂದರೆ ಅದು ನಿಲ್ಲುವ ಮಾತಲ್ಲ.

ಎಷ್ಟು ತೆಗೆದಿಡಬೇಕು ಎನ್ನುವುದಕ್ಕೂ ನಿಯಮವಿದೆ. ಕರ್ನಾಟಕ ಭೂ ಕಂದಾಯ ನಿಯಮಗಳು, 1966, ಅದರ 97ನೇ ನಿಯಮ. ಪ್ರತಿ 100 ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ನಿಮ್ಮೂರಿನಲ್ಲಿ 400 ದನ ಇದ್ದರೆ 48 ಹೆಕ್ಟೇರ್ ಆಯಿತು. ಈಗ ನಿಮ್ಮೂರಿನ ಗೋಮಾಳ ಎಷ್ಟು ಉಳಿದಿದೆ? ಎಷ್ಟು ಒತ್ತುವರಿಯಾಗಿದೆ? ಗ್ರಾಮ ಆಡಳಿತಾಧಿಕಾರಿಯ ಬಳಿ ದಾಖಲೆ ಇರುತ್ತದೆ. ದನಗಳ ಲೆಕ್ಕ ಪಶುವೈದ್ಯ ಆಸ್ಪತ್ರೆಯಲ್ಲಿ ಸಿಗುತ್ತದೆ. ಇವೆರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಸಭೆಗೆ ಹೋದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

2011ರ ಜನವರಿ 28ರಂದು ಸುಪ್ರೀಂ ಕೋರ್ಟ್ ಪಂಜಾಬಿನ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ಊರಿನ ಕೆರೆಯ ಜಾಗ ಒತ್ತುವರಿ ಮಾಡಿದ ಪ್ರಕರಣ ಅದು. ಕೆರೆ, ಗೋಮಾಳದಂಥ ಊರೊಟ್ಟಿನ ಜಾಗಗಳನ್ನು ಒತ್ತುವರಿದಾರರಿಂದ ಬಿಡಿಸಿ ಊರಿಗೆ ವಾಪಸ್ ಕೊಡಿಸಲು ಯೋಜನೆ ಮಾಡಬೇಕು ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಇರುವುದನ್ನು ಉಳಿಸಿ, ಹೋದದ್ದನ್ನು ಬಿಡಿಸಿ ಅಂತ ದೇಶದ ದೊಡ್ಡ ಕೋರ್ಟು ಹೇಳುವಾಗ ನಾವಾಗಿಯೇ ಬಿಟ್ಟುಕೊಡುವುದು ಹೇಗೆ?

ಕೆಲವರು ಕೇಳುತ್ತಾರೆ: "ಈಗ ಯಾರು ದನ ಮೇಯಿಸಾಕೆ ಹೋಗ್ತಾರೆ? ಎಲ್ಲ ಕಟ್ಟಿ ಮೇಯಿಸಾ ಆಕಳು. ಭದ್ರಾ ಕಾಲುವೆ ಐತಿ, ಭತ್ತದ ಹುಲ್ಲು ಐತಿ." ಮಾತು ಅರ್ಧ ನಿಜ. ಆದರೆ ಕಾಲುವೆಯ ಕೊನೆಯಲ್ಲಿರುವವರನ್ನು ಕೇಳಿ, ನೀರು ಬಾರದ ವರ್ಷ ಒಂದು ಹೊರೆ ಹುಲ್ಲಿಗೆ ಎಷ್ಟು ಕೊಟ್ಟರು ಅಂತ. ಹೊಲವೇ ಇಲ್ಲದೆ ಒಂದೇ ಆಕಳು ಕಟ್ಟಿಕೊಂಡು ಡೇರಿಗೆ ಮೂರು ಲೀಟರ್ ಹಾಕುವ ವಿಧವೆ ತಾಯಿಯನ್ನು ಕೇಳಿ, ಹಸಿರು ಮೇವು ಎಲ್ಲಿಂದ ತರುತ್ತೀಯ ಅಂತ. ಗೋಮಾಳ ಖಾಲಿ ಬಿದ್ದಿದ್ದರೆ ಅಲ್ಲಿ ಮೇವಿನ ಹುಲ್ಲು, ಮೇವಿನ ಮರ ಬೆಳೆಸೋಣ. ಆ ಕೆಲಸಕ್ಕೆ ಕಂಪನಿ ದುಡ್ಡು ಕೊಡಲಿ. ಅದನ್ನು ನಾವು ಎದೆ ತಟ್ಟಿ ಸ್ವಾಗತಿಸೋಣ.

ಪಂಚಾಯಿತಿ ಏನು ಮಾಡಿ ಕಿಸಿದಿದೆ ಅನ್ನುವವರಿಗೆ

ಇನ್ನೊಂದು ಮಾತು ಎಲ್ಲ ಕಡೆ ಕೇಳಿಬರುತ್ತದೆ. ಪಂಚಾಯಿತಿಗೆ ಕೊಟ್ಟರೆ ವರ್ಷಗಟ್ಟಲೆ ಕೆಲಸ ಆಗುವುದಿಲ್ಲ, ಕಂಪನಿಯವರು ಮೂರು ತಿಂಗಳಲ್ಲಿ ಮುಗಿಸುತ್ತಾರೆ. ಇದನ್ನು ನಾನು ಸುಳ್ಳು ಅನ್ನುವುದಿಲ್ಲ. ಒಂದು ಬೀದಿ ದೀಪಕ್ಕೆ ನಾನೇ ಮೂರು ಸಲ ಅರ್ಜಿ ಕೊಟ್ಟವಳು.

ಆದರೆ ನೆನಪಿಡಿ. 1980ರ ದಶಕದಲ್ಲಿ ಬರ ಬಿದ್ದಾಗ ನಮ್ಮ ಹಳ್ಳಿಗಳಿಗೆ ಬೋರ್‌ವೆಲ್ ಕೊರೆಸಿದ್ದು ಸರ್ಕಾರ. ಆಗ ಗ್ರಾಮೀಣಾಭಿವೃದ್ಧಿ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ 'ನೀರ್ ಸಾಬ್' ಎಂದೇ ಕರೆದರು. ಅವರ ಕಾಲದ ಕಾಯ್ದೆಯಲ್ಲೇ ಮಂಡಲ ಪಂಚಾಯಿತಿಯಲ್ಲಿ ಹೆಂಗಸರಿಗೆ ಶೇ. 25 ಜಾಗ ಮೀಸಲಾಯಿತು, ಇಡೀ ದೇಶಕ್ಕೆ 73ನೇ ತಿದ್ದುಪಡಿ ಬರುವ ಎಷ್ಟೋ ಮೊದಲೇ. ಇವತ್ತು ಅದು ಶೇ. 50. ಸರ್ಕಾರ ಮನಸ್ಸು ಮಾಡಿದರೆ ಮಾಡುತ್ತದೆ, ಮನಸ್ಸು ಮಾಡಿಸುವ ಕೆಲಸ ನಮ್ಮದು. ಪಂಚಾಯಿತಿ ಸದಸ್ಯರು ಸರಿ ಇಲ್ಲದಿದ್ದರೆ ಐದು ವರ್ಷಕ್ಕೆ ಇಳಿಸಬಹುದು. ಕಂಪನಿಯ ಮ್ಯಾನೇಜರನ್ನು ನಾವು ಇಳಿಸುವುದು ಹೇಗೆ? ಅವರ ಕಚೇರಿ ಎಲ್ಲಿದೆ ಅಂತಲೂ ನಮಗೆ ಗೊತ್ತಿರುವುದಿಲ್ಲ.

ತಪ್ಪು ನಮ್ಮಲ್ಲೂ ಇದೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಬಂದವರಲ್ಲಿ ಶೇ. 30ಕ್ಕಿಂತ ಕಡಿಮೆ ಹೆಂಗಸರು ಇರುವಂತಿಲ್ಲ. ಅದಕ್ಕೇ ನಮ್ಮನ್ನು ಕರೆಯುತ್ತಾರೆ. ನಾವು ಹೋಗಿ ಪುಸ್ತಕದಲ್ಲಿ ಸಹಿ ಮಾಡಿ "ಹಾಲು ಕರೆಯೋ ಹೊತ್ತಾತು" ಅಂತ ಎದ್ದು ಬರುತ್ತೇವೆ. ನಮ್ಮ ಸಹಿಯ ಕೆಳಗೆ ಯಾವ ಠರಾವು ಬರೆದರು ಅಂತ ನೋಡುವುದಿಲ್ಲ. ಸದಸ್ಯೆ ಹೆಂಗಸಾದರೂ ಕುರ್ಚಿಯಲ್ಲಿ ಕೂರುವುದು ಆಕೆಯ ಗಂಡ. ನಾವೂ ಅವನಿಗೇ ನಮಸ್ಕಾರ ಹೊಡೆಯುತ್ತೇವೆ.

ಡೇರಿಯಲ್ಲಿ ಕಲಿತದ್ದು

ನಮಗೆ ಲೆಕ್ಕ ಕೇಳಲು ಬರುವುದಿಲ್ಲ ಅಂತ ಯಾರಾದರೂ ಅಂದರೆ ನಗು ಬರುತ್ತದೆ. ಫ್ಯಾಟ್ ಒಂದು ಪಾಯಿಂಟ್ ಕಡಿಮೆ ಬಂದರೆ "ಇನ್ನೊಂದು ಸಲ ಹಾಕಿ ನೋಡಣ್ಣ" ಅಂತ ನಿಲ್ಲುವವರು ನಾವು. ಬಟವಾಡೆಯಲ್ಲಿ ಐದು ರೂಪಾಯಿ ವ್ಯತ್ಯಾಸ ಬಂದರೆ ಕಾರ್ಯದರ್ಶಿಯ ಪುಸ್ತಕ ತೆಗೆಸುವವರು ನಾವು. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆಯಲ್ಲಿ ಜಮಾ-ಖರ್ಚು ಓದಿಸಿ, ಬೋನಸ್ ಎಷ್ಟು ಅಂತ ಕೇಳುವವರು ನಾವು. ಒಂದು ಆಕಳು ಇರುವವಳಿಗೂ ಹತ್ತು ಆಕಳು ಇರುವವಳಿಗೂ ಅಲ್ಲಿ ಒಂದೇ ವೋಟು.

ಈ ಸಹಕಾರ ಹುಟ್ಟಿದ್ದೂ ಇಂಥದ್ದೇ ಪ್ರಶ್ನೆಯಿಂದ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹಾಲು ಕೊಳ್ಳುವ ಏಕಸ್ವಾಮ್ಯವನ್ನು ಆಗಿನ ಸರ್ಕಾರ ಪೋಲ್ಸನ್ ಎಂಬ ಖಾಸಗಿ ಡೇರಿಗೆ ಕೊಟ್ಟಿತ್ತು. ಮುಂಬೈನ ಗಿರಾಕಿಗೆ ಹಾಲು ಸಿಗುತ್ತಿತ್ತು, ಪೋಲ್ಸನ್‌ಗೆ ಲಾಭ ಸಿಗುತ್ತಿತ್ತು, ಹಾಲು ಕರೆದವರಿಗೆ ಪುಡಿಗಾಸು. 1946ರ ಜನವರಿಯಲ್ಲಿ ಅಲ್ಲಿನ ರೈತರು ಸಭೆ ಸೇರಿ ಹದಿನೈದು ದಿನ ಒಂದು ಹನಿ ಹಾಲು ಕೊಡಲಿಲ್ಲ. ಅದೇ ವರ್ಷ ಡಿಸೆಂಬರ್ 14ರಂದು ಅವರ ಸಹಕಾರ ಒಕ್ಕೂಟ ನೋಂದಣಿಯಾಯಿತು. ಅದೇ ಇವತ್ತಿನ ಅಮುಲ್. ಆ ದಾರಿಯಲ್ಲೇ ನಮ್ಮ ಕೆಎಂಎಫ್ ಬಂತು, ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಸೇರಿದ ನಮ್ಮ ಒಕ್ಕೂಟ ಬಂತು. ಖಾಸಗಿಯವರು ಹಾಲು ಕೊಳ್ಳಬಾರದು ಅಂತ ಅವರು ಹೇಳಲಿಲ್ಲ. ನಮ್ಮ ಹಾಲಿನ ತೀರ್ಮಾನ ನಮ್ಮನ್ನು ಬಿಟ್ಟು ಮಾಡಬೇಡಿ ಅಂದರು. ಗ್ರಾಮಸಭೆಯಲ್ಲಿ ನಾವು ಹೇಳಬೇಕಾದ್ದೂ ಅಷ್ಟೇ.

ನಾನು ಅವಳಿಗೆ ಹೇಳಿದ್ದು

ಕಡೆಗೆ ತಮ್ಮನ ಹೆಂಡತಿಗೆ ಫೋನ್ ಮಾಡಿ ಹೇಳಿದೆ. ಬೇಡ ಅನ್ನಬೇಡ. ಡೇರಿಯ ಹೆಂಗಸರೆಲ್ಲ ಒಟ್ಟಿಗೆ ಹೋಗಿ, ಮುಂದಿನ ಸಾಲಿನಲ್ಲಿ ಕೂತು, ಐದು ಮಾತು ಕೇಳಿ.

ಮೊದಲನೆಯದು: ಇದು ಸಿಎಸ್‌ಆರ್ ದುಡ್ಡೋ, ವ್ಯಾಪಾರದ ಒಪ್ಪಂದವೋ? ಸಿಎಸ್‌ಆರ್ ಆದರೆ ಜಾಗದ ಮಾತು ಅದರ ಜೊತೆ ಬರಬಾರದು. ಎರಡನ್ನೂ ಬೇರೆ ಬೇರೆ ಮಾಡಿ.

ಎರಡನೆಯದು: ಕಟ್ಟಿಸಿದ್ದು ಯಾರ ಹೆಸರಿಗೆ? ಹಸ್ತಾಂತರದ ಕಾಗದ ಯಾವಾಗ? ಪಂಚಾಯಿತಿಯ ಆಸ್ತಿ ಪುಸ್ತಕದಲ್ಲಿ ಬರೆಯುತ್ತೀರಾ?

ಮೂರನೆಯದು: ಕೆಟ್ಟರೆ ಎಷ್ಟು ವರ್ಷ ಯಾರು ಸರಿ ಮಾಡಿಸಬೇಕು? ಕರೆಂಟ್ ಬಿಲ್ ಯಾರದ್ದು? ನೀರಿನಿಂದ ಬರುವ ದುಡ್ಡಿನ ಲೆಕ್ಕ ಯಾರಿಗೆ?

ನಾಲ್ಕನೆಯದು: ಗೋಮಾಳ ಎಷ್ಟಿದೆ, ದನ ಎಷ್ಟಿವೆ? ನಿಯಮದ ಪ್ರಕಾರ ಉಳಿಯಬೇಕಾದ್ದು ಉಳಿದಿದೆಯೇ?

ಐದನೆಯದು: ನಾವು ಆಡಿದ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆದಿರಾ? ಓದಿ ಹೇಳಿ. ಆಮೇಲೆ ಸಹಿ.

ಮೊದಲ ನಾಲ್ಕು ಮರೆತರೂ ಐದನೆಯದನ್ನು ಮರೆಯಬೇಡ ಅಂದೆ. ಬಾಯಲ್ಲಿ ಎಷ್ಟೇ ಜೋರು ಮಾಡಿದರೂ ಪುಸ್ತಕದಲ್ಲಿ ಇಲ್ಲದಿದ್ದರೆ ನಾಳೆ ಕೇಳುವವರಿಲ್ಲ. ವರ್ಷಕ್ಕೊಮ್ಮೆ ಜಮಾಬಂದಿ ನಡೆಯುವಾಗ ಅದೇ ಪುಸ್ತಕ ಹಿಡಿದು "ಇದು ಏನಾಯ್ತು" ಅಂತ ಕೇಳಬಹುದು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಕ್ಕಾ, ಇಷ್ಟೆಲ್ಲ ಕೇಳಿದ್ರೆ ಕಂಪನಿಯೋರು ಓಡಿ ಹೋದ್ರೆ? ಶಾಲೆ ಕೋಣೆನೂ ಹೋತು ಅಂತ ಊರೋರು ನಮ್ಮನ್ನೇ ಬೈತಾರೆ" ಅಂದಳು.

ಈ ಭಯ ಸಣ್ಣದಲ್ಲ. ಹಾಗೆ ಆಗಲೂಬಹುದು. ಆದರೆ ಯಾರ ಹೆಸರಿಗೆ ಅಂತ ಕೇಳಿದ್ದಕ್ಕೇ ಓಡಿ ಹೋಗುವವರು ಮೋಟಾರ್ ಕೆಟ್ಟ ದಿನ ಬರುತ್ತಾರೆಯೇ? ನಿಜವಾಗಿ ಕೊಡಬೇಕು ಎನ್ನುವ ಕಂಪನಿಗೂ ಈ ಪ್ರಶ್ನೆಗಳು ಒಳ್ಳೆಯವೇ. ಅವರ ಹೆಸರಿನ ಬೋರ್ಡು ಬೀಗ ಬಿದ್ದ ಕೋಣೆಯ ಮೇಲೆ ತುಕ್ಕು ಹಿಡಿಯುವುದು ಅವರಿಗೂ ಬೇಕಿಲ್ಲ. ಶಾಲೆಯ ಕೋಣೆಯೋ, ಗೋಮಾಳವೋ ಎರಡರಲ್ಲಿ ಒಂದು ಆರಿಸಿಕೊಳ್ಳಿ ಅಂತ ನಮ್ಮನ್ನು ಯಾರೂ ನಿಲ್ಲಿಸಬಾರದು. ಮಕ್ಕಳಿಗೆ ಕೋಣೆ ಕಟ್ಟಿಸುವುದು ಸರ್ಕಾರದ ಹೊಣೆ. ಅದಕ್ಕಾಗಿ ದನದ ಬಾಯಿಂದ ಹುಲ್ಲು ಕಿತ್ತುಕೊಳ್ಳಬೇಕಾಗಿಲ್ಲ.

ನಮ್ಮ ಊರಿನ ಹೆಸರಿನಲ್ಲೇ ನಂದಿ ಇದ್ದಾನೆ. ನಾವು ಕರೆದ ಹಾಲಿನ ಪ್ಯಾಕೆಟ್ಟಿನ ಮೇಲೆ ನಂದಿನಿ ಇದ್ದಾಳೆ. ಅವೆರಡೂ ಮೇಯಲು ಒಂದಿಷ್ಟು ಜಾಗ ಊರಿನಲ್ಲಿ ಉಳಿಯಲಿ ಅಂತ ಕೇಳುವುದಕ್ಕೆ ನಾಚಿಕೆ ಯಾಕೆ?

ಅವರೂರಿನ ಗ್ರಾಮಸಭೆ ಹನ್ನೊಂದು ಗಂಟೆಗೆ. ಬೆಳಗಿನ ಹಾಲು ಹಾಕಿ, ದನಕ್ಕೆ ನೀರು ತೋರಿಸಿ ಹೊರಡಬಹುದು. ನನಗೆ ಅಲ್ಲಿ ವೋಟಿಲ್ಲ, ಮಾತಾಡುವ ಹಕ್ಕೂ ಇಲ್ಲ. ಆದರೂ ಹೋಗಿ ಹಿಂದೆ ಕೂರುತ್ತೇನೆ. ಮುಂದಿನ ಸಾಲಿನಲ್ಲಿ ಎಷ್ಟು ಹೆಂಗಸರು ಕೂತಿದ್ದಾರೆ ಅಂತ ಎಣಿಸಿ ಬರುತ್ತೇನೆ.